ಕೊಟ್ಟವನೇ ವೀರಭದ್ರ

‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ’ ಎಂಬ ಗಾದೆ ಕಟ್ಟಿದವನು ಕೈಗಡ ಕೊಟ್ಟು ಚಪ್ಪಲಿ ಸವೆಸಿದವನೇ ಇರಬೇಕು. ಆ ಪುಣ್ಯಾತ್ಮ ಇಂಗ್ಲೆಂಡಿನ ಕೌನ್ಸಿಲುಗಳ ವ್ಯವಹಾರ ಕಂಡಿರಲಿಲ್ಲ. ಅಲ್ಲಿ ಕೊಟ್ಟವನೇ ವೀರಭದ್ರ. ಕೈಯಲ್ಲಿ ಕತ್ತಿಯ ಬದಲು ಕಂದು ಲಕೋಟೆ, ಅಷ್ಟೇ.

ಬಾಡಿಗೆ ಕಟ್ಟಲು ಕೈ ಸಾಲದವರಿಗೆ ಅಲ್ಲಿ ಹೌಸಿಂಗ್ ಬೆನಿಫಿಟ್ ಎಂಬ ನೆರವುಂಟು. 2013ರಲ್ಲಿ ಯೂನಿವರ್ಸಲ್ ಕ್ರೆಡಿಟ್ ಶುರುವಾದ ಮೇಲೆ ದುಡಿಯುವ ವಯಸ್ಸಿನವರು ಬರಬರುತ್ತಾ ಅತ್ತ ಹೋದರು. ಇದು ಹೆಚ್ಚಾಗಿ ಪಿಂಚಣಿ ವಯಸ್ಸಿನವರಿಗೆ ಉಳಿಯಿತು. ಹಂಚುವವರು ಆಯಾ ಊರಿನ ಕೌನ್ಸಿಲಿನವರು. ಹಂಚುವ ಕೈ ಒಮ್ಮೊಮ್ಮೆ ಧಾರಾಳವಾಗಿಬಿಡುತ್ತದೆ, ಆಮೇಲೆ ಯಾವಾಗಲೋ ಎಚ್ಚರವಾಗಿ ‘ಹೆಚ್ಚು ಕೊಟ್ಟಿದ್ದೇವೆ, ವಾಪಸು ಕೊಡಿ’ ಎಂದು ಕಾಗದ ಬರುತ್ತದೆ.

ಲಂಡನ್ನಿನಲ್ಲಿರುವ ನಮ್ಮ ಕಡೆಯ ಹಿರಿಯ ಹೆಂಗಸೊಬ್ಬರಿಗೆ ಬಂದದ್ದು ಇಂಥದೇ ಕಾಗದ. ಕೌನ್ಸಿಲಿನ ಹೆಸರು ಬೇಡ ಬಿಡಿ. ಕೆಲಸದಲ್ಲಿದ್ದ ಮಗ ಅಮ್ಮನ ಜೊತೆಗೆ ಬಂದು ಸೇರಿದ್ದ. ನಮ್ಮಲ್ಲಾದರೆ ಹೋಳಿಗೆ ಊಟ. ಅಲ್ಲಿನ ಕಾಯ್ದೆಯೋ, ದುಡಿಯುವ ಮಗ ಬಾಡಿಗೆಗೂ ಕೈ ಹಚ್ಚುತ್ತಾನೆಂದು ತಾನೇ ಊಹಿಸಿಕೊಂಡು ನೆರವಿಗೆ ಕತ್ತರಿ ಹಾಕುತ್ತದೆ. ಅವನು ನಿಜವಾಗಿ ಕೊಡುತ್ತಾನೋ, ಉಂಡು ಮಲಗುತ್ತಾನೋ, ಅದಕ್ಕೆ ಬೇಕಿಲ್ಲ. ಮಗನ ಹತ್ತಿರ ಬಾಡಿಗೆ ಕೇಳುವ ತಾಯಿಯನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ವಯಸ್ಸಾದವರಿಗೆ ಈ ಕತ್ತರಿ 26 ವಾರ ತಡೆದು ಬೀಳಬೇಕೆಂಬ ಕರುಣೆಯೂ ನಿಯಮದಲ್ಲಿದೆ. ಕಾಗದ ಬರೆದವರು ಅದನ್ನು ಮರೆತಿದ್ದರು.

ಇವರೇನು ಸಾಮಾನ್ಯರಲ್ಲ. ದಾವಣಗೆರೆಯ ಬ್ಯಾಂಕೊಂದರಲ್ಲಿ ಲೆಡ್ಜರು ಬರೆದವರು. ಮಗ ಬಂದ ವಾರವೇ ಕೌನ್ಸಿಲಿಗೆ ಪತ್ರ ಕೊಟ್ಟು ಪ್ರತಿಗೆ ಮೊಹರು ಹಾಕಿಸಿಕೊಂಡಿದ್ದರು. ಮೊಹರು ಓರೆಯಾಗಿ ಬಿದ್ದು ತಿಂಗಳು ಮಸುಕಾಗಿದೆ ಎಂದು ಕೌಂಟರಿನ ಹುಡುಗನಿಂದ ಪಕ್ಕದಲ್ಲೇ ಇನ್ನೊಂದು ಒತ್ತಿಸಿಕೊಂಡಿದ್ದರಂತೆ!

ಜಗಳವಿರುವುದು ಈ ನೆರವಿನ 2006ರ ನಿಯಮಾವಳಿಯಲ್ಲಿ. ಹೆಚ್ಚು ಹೋದ ಹಣವನ್ನು ಸಾಮಾನ್ಯವಾಗಿ ವಸೂಲು ಮಾಡಬಹುದು. ಆದರೆ ಒಂದು ವಿನಾಯಿತಿಯುಂಟು: ತಪ್ಪು ಕಚೇರಿಯದಾಗಿರಬೇಕು, ಅದರಲ್ಲಿ ನಿಮ್ಮ ಕೈವಾಡ ಇರಬಾರದು, ಜೊತೆಗೆ ಹೆಚ್ಚು ಬರುತ್ತಿದೆಯೆಂದು ನಿಮಗೆ ಆಗ ಹೊಳೆಯುವಂತೆಯೂ ಇರಬಾರದು. ಇಷ್ಟೂ ಕೂಡಿಬಂದರೆ ಮಾಫಿ. ಮೊದಲೆರಡಕ್ಕೆ ಜೋಡಿ ಮೊಹರಿದೆ. ಮೂರನೆಯದಕ್ಕೆ?

“ನನಗೆ ಲೆಕ್ಕ ತಿಳೀಲಿಲ್ಲ ಅಂತ ನಾನೇ ಬರ್ಕೊಡ್ಬೇಕಾ? ನಾನು?” ಫೋನಿನಲ್ಲಿ ದನಿ ಏರಿತು.

ಲೆಕ್ಕ ಅಂದಕೂಡಲೇ ಬಸವಣ್ಣನವರ ನೆನಪು. ಅಲ್ಲೇ ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆಯ ಮೇಲೆ ಅವರ ಪ್ರತಿಮೆಯಿದೆ, 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಬಿಜ್ಜಳನ ಭಂಡಾರದ ಹಣವನ್ನು ಶರಣರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹೋಗಿ, ಅರಸ ಲೆಕ್ಕ ನೋಡಿಸಿದರೆ ಎಲ್ಲ ಸರಿಯಾಗಿತ್ತು ಎಂಬ ಕಥೆಯುಂಟಲ್ಲ? ಆಗ ಗಡುವು ಗಿಡುವು ಇತ್ತೋ ಇಲ್ಲವೋ. ಇಲ್ಲಿ ಮಾತ್ರ ಕಾಗದ ಬಂದ ಒಂದು ತಿಂಗಳೊಳಗೆ ‘ಮತ್ತೆ ಪರಿಶೀಲಿಸಿ’ ಎಂದೋ, ನೇರವಾಗಿ ಅಪೀಲು ಎಂದೋ ಬರೆಯಬೇಕು. ಅಪೀಲು ಕೇಳುವುದು ಕೌನ್ಸಿಲಿಗೆ ಸೇರದ ನ್ಯಾಯಮಂಡಳಿ, ಶುಲ್ಕವಿಲ್ಲ. ಬಹಳ ಜನ ಲಕೋಟೆಯನ್ನೇ ಒಡೆಯದೆ ಈ ತಿಂಗಳನ್ನು ಕಳೆದುಕೊಳ್ಳುತ್ತಾರೆ.

ಎಲ್ಲಿದ್ದೆವು? ಹಾಂ, ತಿಳಿಯದಿರುವುದರಲ್ಲಿ. ಬೇರೆ ವ್ಯಾಜ್ಯಗಳಲ್ಲಿ ಜಾಣತನ ತೋರಿಸಿ ಗೆಲ್ಲಬೇಕು, ಇಲ್ಲಿ ಅದನ್ನು ಬಚ್ಚಿಡಬೇಕು. ಕೌನ್ಸಿಲಿನವರು ಸುಮ್ಮನಿದ್ದರೇ? ‘ನಿಮಗೆ ಕಳಿಸಿದ ಲೆಕ್ಕದ ಹಾಳೆಯಲ್ಲಿ ಮಗನ ಬಾಬ್ತಿನ ಕಡಿತದ ಮುಂದೆ ಸೊನ್ನೆ ಇತ್ತಲ್ಲ, ನೋಡಲಿಲ್ಲವೇ?’ ಎಂದರು. ಇವರು ಹಳೆಯ ಲೆಡ್ಜರು ಅಕ್ಷರದಲ್ಲಿ ಉತ್ತರ ಬರೆದರು: ನೋಡಿದೆ. ಮಗ ಬಂದದ್ದನ್ನು ನಾನೇ ತಿಳಿಸಿದ ಮೇಲೆ ನೀವು ಸೊನ್ನೆ ಬರೆದಿರಿ, ಕಡಿತ ಬೇಡವೆಂದು ತೀರ್ಮಾನಿಸಿದ್ದೀರಿ ಎಂದುಕೊಂಡೆ. ನಿಮ್ಮ ನಿಯಮ ನಿಮಗಿಂತ ಚೆನ್ನಾಗಿ ನನಗೆ ಹೇಗೆ ಗೊತ್ತಿರಬೇಕು?

ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ವಾದ ಯಾವ ವಕೀಲರೂ ಮಾಡುತ್ತಿರಲಿಲ್ಲ. ಕೌನ್ಸಿಲು ನ್ಯಾಯಮಂಡಳಿಯ ತನಕ ಹೋಗದೆ ವಸೂಲಿ ಕೈಬಿಟ್ಟಿತು.

ಆದರೆ ತೀರ್ಮಾನದ ಪತ್ರದಲ್ಲಿ, ಅರ್ಜಿದಾರರಿಗೆ ಇದು ತಿಳಿಯಬೇಕಿತ್ತೆಂದು ನಿರೀಕ್ಷಿಸಲಾಗದು ಎಂಬ ಸಾಲಿತ್ತು. ಆ ಒಂದು ಸಾಲಿನ ಮೇಲೆ ಅಪೀಲು ಹಾಕಲು ಬರುತ್ತದೆಯೇ ಎಂದು ಅವರು ಸಲಹಾ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನವರನ್ನು ಕೇಳಿ ಬಂದಿದ್ದಾರೆ.