ಹೆಸರು ಕೂಗಿ ಆಡುವ ಆಟ

2023ರ ಡಿಸೆಂಬರ್ 10, ಭಾನುವಾರ. ಮುಳಬಾಗಿಲಿನ ನಮ್ಮ ಮನೆಯ ಜಗಲಿಯ ಮೇಲೆ ನಾಲ್ವರು ತರುಣರು ತಲೆ ತಗ್ಗಿಸಿ ಕುಳಿತಿದ್ದರು. ಒಬ್ಬ ನನ್ನ ಮೊಮ್ಮಗ. ಉಳಿದ ಮೂವರು ಅವನ ಗೆಳೆಯರು. ಕೋಲಾರದವನೊಬ್ಬ, ಮಾಲೂರಿನವನೊಬ್ಬ, ಶ್ರೀನಿವಾಸಪುರದವನೊಬ್ಬ. ನಾಲ್ವರೂ ನರಸಾಪುರದ ಕಾರ್ಖಾನೆಗಳಲ್ಲಿ ಕೆಲಸಕ್ಕಿರುವವರು. ರಜೆಯ ದಿನ ಮುಳಬಾಗಿಲು ದೋಸೆ ತಿನ್ನುವ ನೆಪ ಮಾಡಿಕೊಂಡು ಬಂದಿದ್ದರು. ತಿಂದದ್ದೂ ಆಗಿತ್ತು. ಆದರೂ ಮುಖದಲ್ಲಿ ಕಳೆಯಿಲ್ಲ. ಯಾರ ಮನೆಯಲ್ಲೋ ಸಾವಾಗಿರಬೇಕೆಂದು ಶಂಕಿಸಿ, "ಏನಾಯಿತಪ್ಪಾ?" ಎಂದು ಮೆಲ್ಲನೆ ಕೇಳಿದೆ.

"ಮ್ಯಾನೇಜರ್ ಹೋದ್ರು ತಾತ" ಎಂದ ಮೊಮ್ಮಗ.

ನಮ್ಮ ಕಾಲದವರಿಗೆ ಮ್ಯಾನೇಜರ್ ಎಂದರೆ ಬ್ಯಾಂಕಿನವರು. ಸಾಲದ ಅರ್ಜಿ ಏನಾದರೂ ಸಿಕ್ಕಿಕೊಂಡಿತೇ ಎಂದು ವಿಚಾರಿಸಿದಾಗ ನಾಲ್ವರೂ ದುಃಖ ಮರೆತು ನಕ್ಕುಬಿಟ್ಟರು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ತಂಡದ ಯಜಮಾನಿಕೆ ಹೊತ್ತವನನ್ನು ಮ್ಯಾನೇಜರ್ ಎನ್ನುತ್ತಾರಂತೆ. ನಮ್ಮಲ್ಲಿ ಆತನೇ ಮುಖ್ಯ ತರಬೇತುದಾರ. ಬೆಂಗಳೂರು ಎಫ್‌ಸಿ ತಂಡವು ಶುಕ್ರವಾರ ತನ್ನದೇ ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿಯ ಎದುರು 4-0 ಅಂತರದಿಂದ ಸೋತಿತ್ತು. ಅದರ ಬೆನ್ನಲ್ಲೇ ಇಂಗ್ಲೆಂಡಿನ ಸೈಮನ್ ಗ್ರೇಸನ್ ಅವರನ್ನು ಬೀಳ್ಕೊಟ್ಟಿದ್ದರು. ಈ ನಾಲ್ವರು ಆ ಪಂದ್ಯವನ್ನು ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ನೋಡಿ, ಗಂಟಲು ಹರಿದುಕೊಂಡು, ನಡುರಾತ್ರಿ ಮನೆ ಸೇರಿದ್ದವರು.

ಮುಂದಿನ ಯಜಮಾನ ಯಾರು ಎಂಬ ಚರ್ಚೆ ಆರಂಭವಾಯಿತು. ನಾನು ಕನ್ನಡ ಮೇಷ್ಟ್ರು. ಕಾಲ್ಚೆಂಡಿನ ವಿಷಯದಲ್ಲಿ ಶುದ್ಧ ನಿರಕ್ಷರಿ. ಆದರೆ ಮೂವತ್ತು ವರ್ಷಗಳಿಗೂ ಮಿಕ್ಕಿ ಸಿಬ್ಬಂದಿ ಸಭೆಗಳಲ್ಲಿ ಕುಳಿತವನಾದ್ದರಿಂದ ಚರ್ಚೆಯ ರುಚಿ ಬಲ್ಲೆ. ಕಾಫಿ ತರಿಸಿಕೊಂಡು ಕಂಬಕ್ಕೆ ಒರಗಿದೆ.

ಕೋಲಾರದ ಹುಡುಗನಿಗೆ ಇತಿಹಾಸವೆಲ್ಲ ಕಂಠಪಾಠ. ತಂಡ ಹುಟ್ಟಿದ್ದು 2013ರಲ್ಲಿ. ಮೊದಲ ತರಬೇತುದಾರ ಆಶ್ಲೆ ವೆಸ್ಟ್‌ವುಡ್. ಮೊದಲ ವರ್ಷವೇ ಐ-ಲೀಗ್ ಗೆಲ್ಲಿಸಿ, 2016ರಲ್ಲಿ ಮತ್ತೊಮ್ಮೆ ಗೆಲ್ಲಿಸಿದರು. ಅವರ ನಂತರ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಅದೇ ವರ್ಷ ಅವರು ತಂಡವನ್ನು ಎಎಫ್‌ಸಿ ಕಪ್ಪಿನ ಫೈನಲ್ಲಿನವರೆಗೆ ಕರೆದೊಯ್ದರು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ತಲುಪಿರಲಿಲ್ಲ. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಂದೆ ಅದೇ ಸ್ಥಾನಕ್ಕೆ ಬಂದು 2019ರಲ್ಲಿ ಐಎಸ್‌ಎಲ್ ಗೆದ್ದುಕೊಟ್ಟರು. ಸಹಶಿಕ್ಷಕನೇ ಮುಖ್ಯೋಪಾಧ್ಯಾಯನಾಗುವ ಪದ್ಧತಿ ಅಲ್ಲೂ ಇದೆಯೆಂದು ತಿಳಿದು ನನಗೆ ಸಂತೋಷವಾಯಿತು. 2021ರ ಜನವರಿಯಲ್ಲಿ ಕ್ವಾದ್ರಾತ್ ಹೊರಟಾಗ ನೌಶಾದ್ ಮೂಸಾ ಎಂಬವರು ಹಂಗಾಮಿಯಾಗಿ ತಂಡ ನಡೆಸಿದರಂತೆ. ಇದು ನನಗೆ ಸಂಪೂರ್ಣ ಅರ್ಥವಾಯಿತು. ಇನ್‌ಚಾರ್ಜ್ ಹೆಡ್‌ಮಾಸ್ಟರ್! ಕೆಲಸ ಪೂರ್ತಿ, ಕುರ್ಚಿ ಮಾತ್ರ ಎರವಲು. ಅನಂತರ ಜರ್ಮನಿಯ ಮಾರ್ಕೊ ಪೆಝಾಯುವೊಲಿ, ಆಮೇಲೆ ಗ್ರೇಸನ್. ಗ್ರೇಸನ್ ಕೂಡ ಸಾಮಾನ್ಯರಲ್ಲ. 2022ರಲ್ಲಿ ಡ್ಯುರಾಂಡ್ ಕಪ್ ಗೆಲ್ಲಿಸಿದ್ದರು. 2023ರ ಮಾರ್ಚಿನಲ್ಲಿ ಐಎಸ್‌ಎಲ್ ಫೈನಲ್ ತಲುಪಿಸಿ, ಪೆನಾಲ್ಟಿ ಒದೆತದಲ್ಲಿ ಕೈಚೆಲ್ಲಿದ್ದರು. ಒಂಬತ್ತು ತಿಂಗಳಲ್ಲಿ ಹಾರವೂ ಬಾಡಿತು, ಕೆಲಸವೂ ಹೋಯಿತು.

"ಕ್ವಾದ್ರಾತ್ ಅವರನ್ನೇ ವಾಪಸ್ ಕರೆಸಬೇಕು" ಎಂಬುದು ಮೊಮ್ಮಗನ ಪಟ್ಟು. "ಅವರು ಈಗ ಈಸ್ಟ್ ಬೆಂಗಾಲ್‌ನಲ್ಲಿದ್ದಾರೆ ಕಣೋ, ಬಿಟ್ಟು ಬರ್ತಾರಾ?" ಎಂದ ಮಾಲೂರಿನವನು. ಶ್ರೀನಿವಾಸಪುರದ ಹುಡುಗ ಮಾತು ಕಡಿಮೆ. ಅವನ ಅಪ್ಪನಿಗೆ ಮಾವಿನ ತೋಟವಿದೆ. ಬಹಳ ಹೊತ್ತು ಕೇಳುತ್ತಿದ್ದವನು, "ಹತ್ತು ವರ್ಷದಿಂದ ಬರೀ ಹೊರಗಡೆ ಕಸಿನೇ ತಂದು ನೆಡ್ತಾ ಇದ್ದೀವಿ. ನಮ್ಮ ನಾಟಿ ಮರ ಫಲ ಕೊಡಲ್ಲ ಅಂತ ಯಾರು ಹೇಳಿದ್ದು?" ಎಂದ. ಖಾಲಿದ್ ಜಮೀಲ್ ಎಂಬ ಹೆಸರು ಅವನ ಬಾಯಲ್ಲಿ ಬಂತು. 2017ರಲ್ಲಿ ಮಿಜೋರಾಮಿನ ಪುಟ್ಟ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟವರು. (ಅದೇ ಜಮೀಲ್ 2025ರ ಆಗಸ್ಟಿನಲ್ಲಿ ಭಾರತ ತಂಡದ ತರಬೇತುದಾರರಾದ ಸುದ್ದಿ ಬಂದಾಗ ನನಗೆ ಈ ಹುಡುಗನೇ ನೆನಪಾದ.) ಕೋಲಾರದವನು ಅವನ ಬೆಂಬಲಕ್ಕೆ ನಿಂತ. ಇದೇ ವರ್ಷ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿಲ್ಲವೇ? ಆ ತಂಡವನ್ನು ಪಳಗಿಸಿದ ರವಿ ಬಾಬು ರಾಜು ಯಾವ ದೇಶದಿಂದ ಬಂದವರು?

"ಎಲ್ಲಾ ಸರಿ" ಎಂದು ಮಾಲೂರಿನವನು ಕೈಯೆತ್ತಿದ. "ಆದರೆ ಐಎಸ್‌ಎಲ್‌ನಲ್ಲಿ ಮುಖ್ಯ ಕೋಚ್ ಆಗೋಕೆ ಪ್ರೊ ಲೈಸೆನ್ಸ್ ಬೇಕು. ಸರ್ಟಿಫಿಕೇಟ್ ಇಲ್ಲದೋರನ್ನ ಇಟ್ಕೊಳ್ಳೋಕಾಗಲ್ಲ."

ಆ ಕೊನೆಯ ವಾಕ್ಯ ಕಿವಿಗೆ ಬಿದ್ದೊಡನೆ ನನ್ನ ಕಾಫಿ ತಣ್ಣಗಾಯಿತು. ಏಕೆಂದರೆ ಅದೇ ವಾಕ್ಯವನ್ನು, ಬಹುಮಟ್ಟಿಗೆ ಅದೇ ಶಬ್ದಗಳಲ್ಲಿ, ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಒಂದು ಸಭೆಯಲ್ಲಿ ಹೇಳಿದ್ದೆ.

2001ರ ಮಾತು. ಆಗ ನಾನು ಇದೇ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಿದ್ದುದರಿಂದ ಇನ್‌ಚಾರ್ಜ್ ನಾನೇ. ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋಗಿದ್ದರು. ಆ ವರ್ಷ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷ ನೆಲವನ್ನು ಮೂರು ಕಿಲೋಮೀಟರಿಗೂ ಆಳಕ್ಕೆ ಬಗೆದ ಜನ ಒಂದೇ ದಿನದಲ್ಲಿ ಬರಿಗೈಯಾದರು. ಹಾಗೆ ಬರಿಗೈಯಾದ ಒಬ್ಬರು, ವಯಸ್ಸು ನಲವತ್ತೈದರ ಆಸುಪಾಸು, ಹೆಂಡತಿಯ ತವರಾದ ನಮ್ಮ ಊರಿಗೆ ಬಂದು ನೆಲೆಸಿದರು. ಗಣಿಯ ತಂಡದಲ್ಲಿ ಫುಟ್‌ಬಾಲ್ ಆಡಿದವರು. ಕೆ.ಜಿ.ಎಫ್.ನಲ್ಲಿ ಆಟವೆನ್ನುವುದು ಊಟದಷ್ಟೇ ಸಹಜವಾಗಿತ್ತು. ಹಾಕಿ, ಫುಟ್‌ಬಾಲ್ ಎರಡರಲ್ಲೂ ಅಲ್ಲಿಯವರು ಒಂದು ಕೈ ಮುಂದೆ.

ನಮ್ಮ ಊರಿನ ಕೆರೆಯಲ್ಲಿ ಆಗ ನೀರಿರಲಿಲ್ಲ. ನಮ್ಮ ಸೀಮೆಯ ಕೆರೆಗಳ ಹಣೆಬರಹ ಓದುಗರಿಗೆ ತಿಳಿದದ್ದೇ. ಒಣಗಿ ಬಿರುಕುಬಿಟ್ಟ ಆ ಅಂಗಳದಲ್ಲಿ ಜಾಲಿಮುಳ್ಳು ಕಡಿದು, ಎರಡು ಕಡೆ ಕಲ್ಲಿಟ್ಟು, ಬೇಸಿಗೆ ರಜೆಯಿಡೀ ಅವರು ನಮ್ಮ ಶಾಲೆಯ ಹುಡುಗರಿಗೆ ಆಟ ಹೇಳಿಕೊಟ್ಟರು. ಯಾರೂ ಕರೆದಿರಲಿಲ್ಲ, ಯಾರೂ ದುಡ್ಡು ಕೊಟ್ಟಿರಲಿಲ್ಲ. ಹುಡುಗರು 'ಕೋಚಣ್ಣ' ಎಂದು ಕರೆಯುತ್ತಿದ್ದರು. ನಾನು ಒಂದೆರಡು ಸಂಜೆ ಏರಿಯ ಮೇಲೆ ನಿಂತು ನೋಡಿದ್ದುಂಟು. ಅವರ ಪಾಠದಲ್ಲಿ ಒಂದು ವಿಚಿತ್ರ ನಿಯಮವಿತ್ತು. ಚೆಂಡನ್ನು ಯಾರಿಗೆ ಕೊಡುತ್ತೀಯೋ ಅವನ ಹೆಸರನ್ನು ಮೊದಲು ಕೂಗಬೇಕು. ಹೆಸರು ಕೂಗದೆ ಒದ್ದರೆ ಗೋಲಾದರೂ ಲೆಕ್ಕಕ್ಕಿಲ್ಲ. ಏಕೆಂದು ಕೇಳಿದೆ. ಗಣಿಯ ಕೆಳಗೆ ದೀಪ ಬಿದ್ದಷ್ಟು ಜಾಗ ಬಿಟ್ಟರೆ ಏನೂ ಕಾಣುವುದಿಲ್ಲ ಸಾರ್, ಬಂಡೆ ಸಿಡಿದರೆ ದೂಳಿನಲ್ಲಿ ಅದೂ ಇಲ್ಲ, ಪಕ್ಕದವನು ಇದ್ದಾನೆಯೇ ಇಲ್ಲವೇ ಎಂದು ತಿಳಿಯುವುದು ಹೆಸರು ಕೂಗಿದರೆ ಮಾತ್ರ ಎಂದರು. ಅರ್ಧ ತಮಿಳು, ಅರ್ಧ ಕನ್ನಡ. ಮಾತು ಮುಗಿಸಿ ಬೀಡಿ ಹಚ್ಚಿಕೊಂಡರು.

ಜೂನಿನಲ್ಲಿ ಊರಿನ ಹಿರಿಯರೊಬ್ಬರು ಆಟದ ತರಬೇತಿಗೆಂದು ತಿಂಗಳಿಗೆ 600 ರೂಪಾಯಿ ದಾನ ಕೊಡಲು ಮುಂದೆ ಬಂದರು. ಯಾರನ್ನು ನೇಮಿಸಬೇಕೆಂದು ಶಾಲಾಭಿವೃದ್ಧಿ ಸಮಿತಿಯ ಸಭೆ ಸೇರಿತು. ಎರಡು ಹೆಸರುಗಳು. ಒಂದು ಕೋಚಣ್ಣನದು. ಇನ್ನೊಂದು, ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ಒಬ್ಬ ಯುವಕನದು. ಸಭೆಯ ಹಿಂದಿನ ದಿನ ಒಂಬತ್ತು, ಹತ್ತನೆಯ ತರಗತಿಯ ಹದಿನೈದು ಹುಡುಗರು ನನ್ನ ಕೊಠಡಿಗೆ ಬಂದರು. ಅವರಲ್ಲಿ ಧೈರ್ಯವಂತನೊಬ್ಬ, "ಸಾರ್, ಕೋಚಣ್ಣನ್ನೇ ಹಾಕಿ ಸಾರ್" ಎಂದ. ಉಳಿದವರು ನೆಲ ನೋಡುತ್ತಿದ್ದರು. ನೋಡೋಣ ಎಂದೆ.

ಸಭೆಯಲ್ಲಿ ನಾನು ಹೇಳಿದ್ದು ಇಷ್ಟು: ಸರ್ಟಿಫಿಕೇಟ್ ಇಲ್ಲದವರನ್ನು ಇಟ್ಟುಕೊಳ್ಳಲಾಗದು, ನಾಳೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಎಲ್ಲರೂ ತಲೆಯಾಡಿಸಿದರು. ಸಮಿತಿಯವರಿಗೆ ಆಡಿಟ್ ಎಂಬ ಶಬ್ದ ಸಾಕು.

ನಿಜವೇನೆಂದರೆ, ಅದು ದಾನಿಯ ಹಣ. ಸರ್ಕಾರದ ಒಂದು ಪೈಸೆಯೂ ಅದರಲ್ಲಿರಲಿಲ್ಲ. ಯಾವ ಆಡಿಟ್ಟೂ ಅದನ್ನು ಕೇಳುತ್ತಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಆ ಬೀಡಿ, ಆ ಬೆರಕೆ ಕನ್ನಡ, ಸಭೆಗೆ ಬಂದರೆ ಕುರ್ಚಿಯಲ್ಲಿ ಕೂರದೆ ಬಾಗಿಲಲ್ಲಿ ನಿಲ್ಲುವ ರೀತಿ, ಇವು ಶಾಲೆಯ ಘನತೆಗೆ ಒಗ್ಗುವುದಿಲ್ಲವೆಂದು ನನಗೆ ತೋರಿತ್ತು. ಅದಕ್ಕಿಂತ ಕೆಳಗೆ ಇನ್ನೊಂದು ಕಾರಣವೂ ಇತ್ತು. ಇಪ್ಪತ್ತೇಳು ವರ್ಷ ಪಾಠ ಹೇಳಿದ ನನ್ನ ಕೊಠಡಿಗೆ ಹದಿನೈದು ಹುಡುಗರು ತಾವಾಗಿಯೇ ಬಂದು ನಿಂತದ್ದು ಅದೇ ಮೊದಲು. ಬಂದದ್ದು ನನಗಾಗಿ ಅಲ್ಲ.

ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರು ಮೈಸೂರು ಸರ್ಕಾರದಲ್ಲಿ ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ದೊರೆತಾಗ ಕೆಲಸವನ್ನೇ ಬಿಟ್ಟು ಬಂದದ್ದನ್ನು ನಾನು ತರಗತಿಯಲ್ಲಿ ಪ್ರತಿವರ್ಷ ಬಣ್ಣಿಸಿ ಹೇಳುತ್ತಿದ್ದೆ. ಆ ವರ್ಷವೂ ಹೇಳಿದೆ. ಹೇಳುವಾಗ ಹಿಂದಿನ ಬೆಂಚಿನ ಹುಡುಗರ ಮುಖ ನೋಡಲಿಲ್ಲ.

ಆಯ್ಕೆಯಾದ ಯುವಕ ಕೆಟ್ಟವನಲ್ಲ. ಸೀಟಿ, ಬಿಳಿ ಬೂಟು, ಶಿಸ್ತಿನ ಕವಾಯತು ಎಲ್ಲವೂ ಇದ್ದವು. ಮೂರು ತಿಂಗಳಲ್ಲಿ ಅವನಿಗೆ ಬೇರೆ ಜಿಲ್ಲೆಯಲ್ಲಿ ಸರ್ಕಾರಿ ನೌಕರಿ ಸಿಕ್ಕಿತು, ಹೋದ. ಅಷ್ಟರೊಳಗೆ ಕೋಚಣ್ಣ ಕೆರೆಯಂಗಳಕ್ಕೆ ಬರುವುದನ್ನು ನಿಲ್ಲಿಸಿದ್ದರು. ತಾವೇ ಹೊಲಿದು ಸರಿಮಾಡಿದ್ದ ಚೆಂಡನ್ನು ಶಾಲೆಯ ಜವಾನನ ಕೈಗೆ ಕೊಟ್ಟು ಹೋಗಿದ್ದರು.

ಇದಿಷ್ಟನ್ನೂ ಆ ಭಾನುವಾರ ಹುಡುಗರಿಗೆ ಹೇಳಿದೆ. ಜಗಲಿಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾಲೂರಿನವನು ಮಾತ್ರ, "ಆದ್ರೂ ತಾತ, ಲೈಸೆನ್ಸ್ ರೂಲ್ ಇರೋದು ನಿಜ" ಎಂದ. ನಿಜವೇ. ಅವನ ನಿಯಮ ಕಾಗದದ ಮೇಲಿತ್ತು. ನನ್ನದು ನಾನು ಆ ಹೊತ್ತಿಗೆ ಹುಟ್ಟಿಸಿಕೊಂಡದ್ದು. ಆ ವ್ಯತ್ಯಾಸವನ್ನು ಅವನಿಗೆ ಬಿಡಿಸಿ ಹೇಳಲು ಹೋಗಲಿಲ್ಲ.

ಕೆಲವೇ ದಿನಗಳಲ್ಲಿ ಹೊಸ ತರಬೇತುದಾರರ ಹೆಸರು ಪ್ರಕಟವಾಯಿತು. ಸ್ಪೇನಿನ ಜೆರಾರ್ಡ್ ಝರಗೋಝಾ. ನಾಲ್ವರಲ್ಲಿ ಒಬ್ಬನೂ ಅವರ ಹೆಸರೆತ್ತಿರಲಿಲ್ಲ. ಹಿಂದೆ ಕ್ವಾದ್ರಾತ್ ಅವರಿಗೆ ಸಹಾಯಕರಾಗಿದ್ದವರು. ಮತ್ತೆ ಸಹಶಿಕ್ಷಕನಿಗೇ ಬಡ್ತಿ. ಆ ಋತುವಿನಲ್ಲಿ ತಂಡ ಹತ್ತನೆಯ ಸ್ಥಾನಕ್ಕೆ ಕುಸಿಯಿತು. ಮರುವರ್ಷ ಅವರೇ 2025ರ ಏಪ್ರಿಲ್‌ನಲ್ಲಿ ಫೈನಲ್ಲಿಗೆ ಕರೆದೊಯ್ದು ಮೋಹನ್ ಬಾಗಾನ್ ಎದುರು 2-1ರಿಂದ ಸೋತರು. ನೇಮಕದ ಸುದ್ದಿ ಬಂದ ರಾತ್ರಿ ಮೊಮ್ಮಗ ಫೋನು ಮಾಡಿ, "ನಮ್ಮನ್ನ ಯಾರೂ ಒಂದು ಮಾತೂ ಕೇಳಲಿಲ್ಲ ತಾತ" ಎಂದು ಅಲವತ್ತುಕೊಂಡ. ನಾನು ಹೂಂಗುಟ್ಟಿದೆ.

ಹುಡುಗರಿಗೆ ಹೇಳದೆ ಉಳಿಸಿಕೊಂಡ ಒಂದು ಸಂಗತಿಯಿದೆ. 2002ರ ಏಪ್ರಿಲ್. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಬಂಗಾರಪೇಟೆಯಲ್ಲಿ ಮುಂಜಾನೆಯ ಬೆಂಗಳೂರು ರೈಲು ಹತ್ತಿದ್ದೆ. ಮಾರಿಕುಪ್ಪದಿಂದ ಬರುವ ಆ ಗಾಡಿಯ ತುಂಬ ಗಣಿಯ ಜನ. ಬೆಂಗಳೂರಿನಲ್ಲಿ ಏನಾದರೊಂದು ಕೆಲಸ ಹಿಡಿದು, ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವವರು. ಬಾಗಿಲ ಬಳಿ ನೀಲಿ ಸಮವಸ್ತ್ರ ತೊಟ್ಟ ಒಬ್ಬ ಸೆಕ್ಯೂರಿಟಿ ಗಾರ್ಡ್ ನಿಂತಿದ್ದರು. ನನ್ನನ್ನು ನೋಡಿ ತಟ್ಟನೆ ಕೈಮುಗಿದರು. ಕೂರಲು ಜಾಗ ಮಾಡಿಸಿಕೊಟ್ಟರು. ತಾವು ನಿಂತೇ ಇದ್ದರು. ಮಾಲೂರು ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಬಾಗಿ, ನಗುತ್ತಲೇ ಕೇಳಿದರು:

"ಹುಡುಗ್ರು ಹೆಸರು ಕೂಗಿ ಆಡ್ತಾರಾ ಸಾರ್?"

ಆ ವರ್ಷ ನಮ್ಮ ಶಾಲೆಯಿಂದ ಫುಟ್‌ಬಾಲ್ ತಂಡವೇ ಹೋಗಿರಲಿಲ್ಲ. ಕೆರೆಯಂಗಳದಲ್ಲಿ ಜಾಲಿ ಮತ್ತೆ ಬೆಳೆದಿತ್ತು.

"ಆಡ್ತಾರೆ" ಎಂದೆ.