ಎಸ್. ಪಿ. ರಸ್ತೆಯಲ್ಲಿ ಒಂದು ದಿನ

ಬೆಂಗಳೂರಿಗೆ ಹೋದವರು ಲಾಲ್‌ಬಾಗನ್ನೂ ವಿಧಾನಸೌಧವನ್ನೂ ನೋಡಿಕೊಂಡು ಬರುವುದು ವಾಡಿಕೆ. ನಾನು ಈಚೆಗೆ ಅಲ್ಲಿಗೆ ಹೋಗಿ, ಇವೆರಡರ ಕಡೆಗೂ ತಲೆಹಾಕದೆ, ನಾಲ್ಕು ಜನ ಸರಾಗವಾಗಿ ಜೊತೆಯಲ್ಲಿ ನಡೆಯಲಾರದಂತಹ ಒಂದು ಬೀದಿಯಲ್ಲಿ ಇಡೀ ಒಂದು ಹಗಲನ್ನು ಕಳೆದು ಬಂದೆನು. ಆ ಬೀದಿಯ ಹೆಸರು ಸಾದರ ಪತ್ರಪ್ಪ ರಸ್ತೆ. ಹೀಗೆ ಪೂರ್ತಿಯಾಗಿ ಹೇಳಿದರೆ ಆಟೋ ನಡೆಸುವವರು ಒಂದು ಗಳಿಗೆ ಯೋಚಿಸುತ್ತಾರೆ. ಎಸ್. ಪಿ. ರಸ್ತೆ ಎಂದರೆ ಮಾತ್ರ, "ಕಂಪ್ಯೂಟರಾ ಸಾರ್?" ಎಂದು ತಾವಾಗಿಯೇ ಕೇಳುತ್ತಾರೆ.

ನಾನು ಹೋದ ಕಾರಣವನ್ನು ಮೊದಲೇ ತಿಳಿಸಿಬಿಡುವೆನು. ನನ್ನ ಅಕ್ಕನು ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು, 2004ರಲ್ಲಿ ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಕಂಪ್ಯೂಟರನ್ನು ಕೊಂಡಳು. ಮನೆಯಲ್ಲಿ ಎಲ್ಲರೂ ನಕ್ಕೆವು. ನಾನು ಸ್ವಲ್ಪ ಹೆಚ್ಚಾಗಿಯೇ ನಕ್ಕೆನೆಂದು ಕಾಣುತ್ತದೆ. ಅವಳಾದರೋ ಮಧ್ಯಾಹ್ನದ ಊಟವಾದ ಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಮ್ಮನಿಗೆ ಬರುತ್ತಿದ್ದ ಹಸೆಯ ಹಾಡುಗಳನ್ನೂ ಆರತಿಯ ಹಾಡುಗಳನ್ನೂ ಒಂದೊಂದಾಗಿ ಹೇಳಿಸಿ, ಒಂದೇ ಬೆರಳಿನಲ್ಲಿ ಅಚ್ಚು ಒತ್ತುತ್ತಿದ್ದಳು. ಆ ಹಾಡುಗಳು ಯಾವ ಪುಸ್ತಕದಲ್ಲಿಯೂ ಇದ್ದವಲ್ಲ. ಅಮ್ಮನ ತಾಯಿಯಿಂದ ಅಮ್ಮನಿಗೆ ಬಂದವು. 2009ರಲ್ಲಿ ಅಮ್ಮನು ತೀರಿಕೊಂಡಳು. ಎರಡು ವರ್ಷಗಳ ಕೆಳಗೆ ಅಕ್ಕನೂ ಹೋದಳು. ಕಂಪ್ಯೂಟರು ಹಳೆಯ ಸೀರೆಯೊಂದನ್ನು ಹೊದೆದುಕೊಂಡು ಅಟ್ಟದ ಮೇಲೆ ಕುಳಿತಿತು. ಈಗ ನನ್ನ ತಮ್ಮನ ಮಗಳಿಗೆ ಮದುವೆ ನಿಶ್ಚಯವಾಗಿ, ಹಸೆಗೆ ಕರೆಯುವಾಗ ಅಜ್ಜಿಯ ಹಾಡನ್ನೇ ಹೇಳಿಸಬೇಕೆಂದು ಹುಡುಗಿ ಹಟ ಹಿಡಿದಾಗ, ಎಲ್ಲರ ಕಣ್ಣೂ ಅಟ್ಟದ ಕಡೆಗೆ ತಿರುಗಿತು. ಯಂತ್ರವನ್ನು ಇಳಿಸಿ ಗುಂಡಿಯನ್ನು ಒತ್ತಿದರೆ ಉಸಿರೇ ಇಲ್ಲ. ನಮ್ಮೂರಿನ ರಿಪೇರಿಯವನೊಬ್ಬನು ಡಿಸ್ಕನ್ನು ಬಿಚ್ಚಿ ತೆಗೆದು ಏನನ್ನೋ ಜೋಡಿಸಿ ನೋಡಿ, "ಇದು ಸತ್ತುಹೋಗಿದೆ, ಇಪ್ಪತ್ತೈದು ಸಾವಿರ ಖರ್ಚು ಮಾಡಿ ಪ್ರಯೋಗಶಾಲೆಗೆ ಕಳುಹಿಸಿದರೂ ಬರುವ ಭರವಸೆಯಿಲ್ಲ" ಎಂದು ತೀರ್ಪು ಕೊಟ್ಟನು. ತಮ್ಮನ ಮಗನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವನು. ಅವನು ಫೋನಿನಲ್ಲಿ, "ದೊಡ್ಡಪ್ಪ, ಅದನ್ನು ತಗೊಂಡು ಇಲ್ಲಿಗೆ ಬನ್ನಿ. ಎಸ್. ಪಿ. ರಸ್ತೆಯಲ್ಲಿ ತೋರಿಸದೆ ಯಾವುದನ್ನೂ ಸತ್ತಿದೆ ಅನ್ನಬಾರದು" ಎಂದನು. ಅಂತೂ ಡಿಸ್ಕನ್ನು ಟವಲಿನಲ್ಲಿ ಸುತ್ತಿ, ಹತ್ತು ಸಾವಿರ ರೂಪಾಯಿಗಳನ್ನು ಒಳಜೇಬಿನಲ್ಲಿಟ್ಟುಕೊಂಡು, ತುಮಕೂರಿನಲ್ಲಿ ಬೆಳಗಿನ ರೈಲನ್ನು ಹತ್ತಿದೆನು. ಆ ದಿನ ಸೋಮವಾರ. ಭಾನುವಾರ ಹೋದರೆ ಅಲ್ಲಿ ಬಹುಮಟ್ಟಿಗೆ ಮುಚ್ಚಿದ ಬಾಗಿಲುಗಳನ್ನೇ ನೋಡಿ ಬರಬೇಕಾಗುವುದೆಂದು ಹುಡುಗನು ಮೊದಲೇ ಎಚ್ಚರಿಸಿದ್ದನು.

ರೈಲು ನಿಲ್ದಾಣದಿಂದ ಮೆಟ್ರೋದಲ್ಲಿ ನೆಲದ ಒಳಗೇ ಸಾಗಿ, ಚಿಕ್ಕಪೇಟೆಯನ್ನು ದಾಟಿ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದೆವು. 2017ರಲ್ಲಿ ಪ್ರಾರಂಭವಾದ ಈ ಸುರಂಗದ ದಾರಿಯಲ್ಲಿ ನಾಲ್ಕೈದು ನಿಮಿಷಗಳಲ್ಲಿ ಆಗುವ ಪ್ರಯಾಣಕ್ಕೆ ಮೇಲಿನ ರಸ್ತೆಯಲ್ಲಿ ಒಮ್ಮೊಮ್ಮೆ ಅರ್ಧ ಗಂಟೆ ಹಿಡಿಯುವುದುಂಟು. ಮೇಲೆ ಬಂದೊಡನೆ ಸೇವಂತಿಗೆಯ ವಾಸನೆ, ಗಾಡಿಗಳ ಹೊಗೆ, ಹೊರೆಯಾಳುಗಳ ಕೂಗು. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಿತು. ಅಂದು ದೀಪ ಹತ್ತಿದ್ದನ್ನು ನೋಡಲು ನೆರೆದವರ ಮರಿಮಕ್ಕಳು ಇಂದು ಇಲ್ಲಿಯೇ ವಿದ್ಯುತ್ತಿನ ಸಾಮಾನುಗಳನ್ನು ಗುಡ್ಡೆಹಾಕಿಕೊಂಡು ಮಾರುತ್ತಿರಬಹುದು. ಕೆಂಪೇಗೌಡನು 1537ರಲ್ಲಿ ಕಟ್ಟಿದ ಪೇಟೆಯಲ್ಲಿ ಅಕ್ಕಿಗೆ ಅಕ್ಕಿಪೇಟೆ, ಅರಳೆಗೆ ಅರಳೆಪೇಟೆ, ಕುಂಬಾರರಿಗೆ ಕುಂಬಾರಪೇಟೆ ಎಂದು ಕಸಬಿಗೊಂದು ಹೆಸರಿತ್ತು. ಆ ಲೆಕ್ಕದಲ್ಲಿ ಈ ಬೀದಿಯು ಗಣಕಪೇಟೆ ಎನ್ನಿಸಿಕೊಳ್ಳಬೇಕಾಗಿತ್ತು.

ಬೀದಿಯ ಒಳಹೊಕ್ಕರೆ ಮೊದಲು ಕಾಣುವುದು ಸರಕಲ್ಲ, ಕರೆಯುವವರು. "ಬನ್ನಿ ಸಾರ್, ಲ್ಯಾಪ್‌ಟಾಪಾ? ಪ್ರಿಂಟರಾ? ಸಿಸಿಟಿವಿ ಕ್ಯಾಮರಾನಾ?" ಎಂದು ಹುಡುಗರು ಹೆಜ್ಜೆಗೊಬ್ಬರು ಎದುರಾಗುತ್ತಾರೆ. ಆರಡಿ ಅಗಲದ ಅಂಗಡಿಗಳು. ಒಳಗೆ ಹೋದರೆ ಹಿಂದಕ್ಕೆ ಹಿಂದಕ್ಕೆ ಬೆಳೆಯುತ್ತಲೇ ಹೋಗುತ್ತವೆ. ಏಣಿಯಂತಹ ಮೆಟ್ಟಿಲು ಹತ್ತಿದರೆ ಮೇಲೊಂದು ಅಂಗಡಿ, ಇಳಿದರೆ ನೆಲಮಾಳಿಗೆಯಲ್ಲಿ ಮತ್ತೊಂದು. ಹಳೆಯ ಲ್ಯಾಪ್‌ಟಾಪುಗಳನ್ನು ಜೋಳದ ರೊಟ್ಟಿಯಂತೆ ಒಂದರ ಮೇಲೊಂದು ಪೇರಿಸಿದ್ದಾರೆ. ತಂತಿಯನ್ನು ಮೀಟರಿನ ಲೆಕ್ಕದಲ್ಲಿ ಅಳೆದು ಕತ್ತರಿಸುತ್ತಾರೆ. ಸಾಸಿವೆ ಮೆಣಸು ತುಂಬಿಡುವಂತಹ ಡಬ್ಬಗಳಲ್ಲಿ ಕೆಪಾಸಿಟರುಗಳೂ ರೆಸಿಸ್ಟರುಗಳೂ ಇವೆ. ಹುಡುಗನೊಬ್ಬನು ಅವನ್ನು ಅಂಗೈ ಮೇಲೆ ಸುರಿದುಕೊಂಡು ಎಣಿಸಿ ಪೊಟ್ಟಣ ಕಟ್ಟುತ್ತಿದ್ದನು. ನಮ್ಮ ದಿನಸಿ ಅಂಗಡಿಯ ಪದ್ಧತಿಯೇ. ಇದನ್ನು ನೋಡಿದ ಮೇಲೆ ಕಂಪ್ಯೂಟರೆಂಬ ಯಂತ್ರದ ವಿಷಯದಲ್ಲಿ ನನಗಿದ್ದ ಭಯವು ಅರ್ಧಕ್ಕರ್ಧ ಇಳಿದುಹೋಯಿತು. ಮನೆಯಲ್ಲಿ ಮುಚ್ಚಿದ ಪೆಟ್ಟಿಗೆಯಾಗಿ ನಿಂತಾಗ ಅದು ದೇವರೋ ದೆವ್ವವೋ ಎನ್ನಿಸುತ್ತದೆ. ಇಲ್ಲಿ ಬಿಚ್ಚಿ ಹರಡಿದಾಗ ಗಿರಣಿಯ ಬಿಡಿಭಾಗಗಳಿಗಿಂತ ಹೆಚ್ಚೇನೂ ಅಲ್ಲ.

ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಕೈಯಲ್ಲಿ ಫೋನು ಹಿಡಿದೇ ಬರುವರು. ಒಬ್ಬ ತರುಣನು ಕೀಲಿಮಣೆಯೊಂದಕ್ಕೆ ಇಂಟರ್‌ನೆಟ್ಟಿನಲ್ಲಿರುವ ಬೆಲೆಯನ್ನು ತೋರಿಸಿ ಚೌಕಾಶಿ ಮಾಡುತ್ತಿದ್ದನು. ಅಂಗಡಿಯ ಯಜಮಾನರು ತಾಳ್ಮೆಯಿಂದ ಕೇಳಿ, "ಆಗಲಿ ಸ್ವಾಮಿ, ಫೋನಿನಲ್ಲೇ ತಗೊಳ್ಳಿ. ಕೆಟ್ಟುಹೋದಾಗ ಫೋನಿಗೇ ತೋರಿಸಿ" ಎಂದರು. ತರುಣನು ಕೊಂಡನು.

ಇನ್ನು ನಮ್ಮ ಹುಡುಗನ ವಿಷಯ. ದೊಡ್ಡಪ್ಪನ ಡಿಸ್ಕಿನ ಮೇಲೆ ಅವನಿಗೆ ಮಮತೆಯಿದ್ದುದು ನಿಜ. ಆದರೆ ಗ್ರಾಫಿಕ್ಸ್ ಕಾರ್ಡಿನ ಅಂಗಡಿಗಳ ಮುಂದೆಯೇ ಅವನ ಚಪ್ಪಲಿಯ ಉಂಗುಷ್ಠವು ಮತ್ತೆ ಮತ್ತೆ ಏಕೆ ಕಳಚಿಕೊಳ್ಳುತ್ತಿತ್ತೆಂಬುದು ನನಗೆ ತಿಳಿಯದ ಗುಟ್ಟೇನಲ್ಲ. ಕಂಪ್ಯೂಟರಿನಲ್ಲಿ ಆಟವಾಡಲು ಈ ಹಲಗೆ ಬೇಕಂತೆ. "ಒಂದು ಹಲಗೆಗೆ ಮೂವತ್ತು ಸಾವಿರವೇ?" ಎಂದು ಕೇಳಿದೆನು. ಅವನು ಬಿಡಿಸಿ ಹೇಳಿದನು. ಸಾಧಾರಣ ಪರದೆಯೊಂದರಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080, ಒಟ್ಟು ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಬಿಂದುಗಳಿರುವುವು. ಓಡುವ ಕುದುರೆ ಓಡುವಂತೆ ಕಾಣಬೇಕಾದರೆ ಅಷ್ಟು ಬಿಂದುಗಳಿಗೂ ಸೆಕೆಂಡಿಗೆ ಅರುವತ್ತು ಸಲ ಬಣ್ಣವನ್ನು ಲೆಕ್ಕ ಹಾಕಬೇಕು. ಒಬ್ಬ ಮಹಾಪಂಡಿತನಿಗಿಂತ, ಕೂಡುವುದನ್ನೂ ಗುಣಿಸುವುದನ್ನೂ ಮಾತ್ರ ಬಲ್ಲ ಸಾವಿರಾರು ಗುಮಾಸ್ತರನ್ನು ಒಟ್ಟಿಗೆ ಕೂರಿಸಿದರೆ ಈ ಕೆಲಸ ಬೇಗ ಆಗುವುದು. ಆ ಗುಮಾಸ್ತರ ಕಚೇರಿಯೇ ಗ್ರಾಫಿಕ್ಸ್ ಕಾರ್ಡು. ಇದೇ ಗುಣದಿಂದ ಅದು ಆಟವಲ್ಲದ ಕೆಲಸಗಳಿಗೂ ಸಲ್ಲುತ್ತದೆ. ಕೆಲವು ವರ್ಷ ಇದನ್ನು ಡಿಜಿಟಲ್ ನಾಣ್ಯಗಳನ್ನು ಅಗೆಯಲು ಹಗಲಿರುಳು ದುಡಿಸಿದರು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ನಾಣ್ಯವು ಆ ಅಗೆತವನ್ನು ಕೈಬಿಟ್ಟಾಗ, ದುಡಿದು ಬಳಲಿದ ಕಾರ್ಡುಗಳು ಹಳೆಯ ಸಾಮಾನಿನ ಸಂತೆಗೆ ಬಂದು ಬಿದ್ದವು. ಈಗ ಕೃತಕ ಬುದ್ಧಿಮತ್ತೆಯವರ ಸರದಿ. ಹುಡುಗನು ಅಗ್ಗದ ಹಳೆಯ ಕಾರ್ಡೊಂದನ್ನು ಎತ್ತಿಕೊಂಡಾಗ ಅಂಗಡಿಯಾತನೇ, "ಬೇಡಪ್ಪ, ಅದು ಗಾಣದೆತ್ತು, ಎಷ್ಟು ದಿನ ಬರುತ್ತೋ ಹೇಳಲಾರೆ" ಎಂದು ಕೈಯಿಂದ ತೆಗೆದಿಟ್ಟನು. ವ್ಯಾಪಾರಿಯ ಬಾಯಲ್ಲಿ ಇಂತಹ ಮಾತು ಬಂದಾಗ ಅವನ ಹೆಸರನ್ನು ಕೇಳಿಕೊಳ್ಳದೆ ಬಂದೆನಲ್ಲಾ ಎಂದು ಈಗ ಪಶ್ಚಾತ್ತಾಪವಾಗುತ್ತದೆ.

ಆಟದ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂದು ವಾಚಕರು ಕೇಳಬಹುದು. ಚೌಕಾಬಾರದ ಮನೆಯ ಮುಂದೆ ಕುಳಿತು ಅನ್ನ ಆರಿಹೋಗುವವರೆಗೂ ಏಳದಿದ್ದ ನಮ್ಮ ತಲೆಮಾರಿನವರಿಗೆ ಮಕ್ಕಳನ್ನು ಗದರಿಸುವ ಹಕ್ಕು ಅಷ್ಟಾಗಿ ಇಲ್ಲ. ಹುಡುಗನು ಆಡುವ ಆಟವೊಂದನ್ನು ಅವನ ಕೊಠಡಿಯಲ್ಲಿ ನೋಡಿದ್ದೇನೆ. ಐದು ಊರುಗಳಲ್ಲಿರುವ ಐವರು ಗೆಳೆಯರು ಒಂದೇ ಕೋಟೆಯನ್ನು ಕಾಯುತ್ತ, ಒಬ್ಬರಿಗೊಬ್ಬರು ಕೂಗಿ ಹೇಳುತ್ತ, ಸೋತಾಗ ನಗುತ್ತಿದ್ದರು. ಅದರಲ್ಲಿ ನನಗೆ ದೋಷ ಕಾಣಲಿಲ್ಲ. ಹಣ ಪಣವಿಡುವ ಆಟವೇ ಬೇರೆ. ಈ ಬೀದಿಗೆ ಸಮೀಪದಲ್ಲಿಯೇ, ತಿಗಳರಪೇಟೆಯಲ್ಲಿ, ಧರ್ಮರಾಯಸ್ವಾಮಿಯ ಗುಡಿಯಿದೆ. ಚೈತ್ರ ಪೂರ್ಣಿಮೆಯ ರಾತ್ರಿ ಕರಗವು ಹೊರಡುವುದು ಅಲ್ಲಿಂದಲೇ. ಆಟದಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಕಳೆದವನ ಗುಡಿಯ ಪಕ್ಕದಲ್ಲಿ ಆಟದ ಯಂತ್ರಗಳ ಪೇಟೆ ಬೆಳೆದುದು ಕಾಕತಾಳೀಯವೇ ಸರಿ. ಆದರೂ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿದಾಗ ನನಗೆ ನೆನಪಾದುದು ಈ ಗುಡಿಯೇ. ಶಕುನಿಯು ಆಗ ಎದುರಿಗಾದರೂ ಕುಳಿತಿದ್ದನು. ಫೋನಿನೊಳಗಿನ ಶಕುನಿಗೆ ಮುಖವೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂರು ಅಂಗಡಿಗಳಲ್ಲಿ ಇಲ್ಲವೆನ್ನಿಸಿಕೊಂಡು, ನಾಲ್ಕನೆಯದಾಗಿ ಒಂದು ನೆಲಮಾಳಿಗೆಗೆ ಇಳಿದೆವು. ಅಲ್ಲಿ ಅರುವತ್ತರ ಸಮೀಪದ ಗೃಹಸ್ಥರೊಬ್ಬರು ಕನ್ನಡಕವನ್ನು ಹಣೆಗೇರಿಸಿಕೊಂಡು ಕುಳಿತಿದ್ದರು. ಟವಲನ್ನು ಬಿಚ್ಚಿದೊಡನೆ, "ಓಹೋ, ನಲವತ್ತು ಜಿಬಿ, ಐಡಿಇ! ನೋಡಿ ಬಹಳ ದಿನವಾಯಿತು" ಎಂದು ಹಳೆಯ ನೆಂಟನನ್ನು ಕಂಡವರಂತೆ ಕೈಗೆತ್ತಿಕೊಂಡರು. ನಲವತ್ತು ಸೂಜಿಗಳ ಚಪ್ಪಟೆ ಪಟ್ಟಿಯಿಂದ ಜೋಡಿಸುವ ಈ ಜಾತಿಯ ಡಿಸ್ಕುಗಳು ಬಳಕೆ ತಪ್ಪಿ ಎಷ್ಟೋ ವರ್ಷಗಳಾದವು. ಒಳಗಿನ ತಟ್ಟೆಯು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ, ಓದುವ ಮುಳ್ಳು ಅದನ್ನು ಮುಟ್ಟದೆ, ಧೂಳಿನ ಕಣಕ್ಕಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರಬೇಕಂತೆ. ಆದುದರಿಂದಲೇ ಅದನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. "ಯಾರಾದರೂ ಮುಚ್ಚಳ ತೆಗೆದರೇ?" ಎಂದು ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ಇಲ್ಲವೆಂದೆನು. ಅವರು ಅದನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಅಲುಗಿಸಿ, ಕೆಳಗಿಟ್ಟು, ಒಂದು ಕೂಡುಸಾಧನವನ್ನೂ ಬೇರೊಂದು ವಿದ್ಯುತ್ ಡಬ್ಬವನ್ನೂ ಜೋಡಿಸಿದರು. "ಇದರ ಮೋಟಾರಿಗೆ ಹನ್ನೆರಡು ವೋಲ್ಟು ಬೇಕು. ನಿಮ್ಮೂರಿನವರ ಡಬ್ಬದಲ್ಲಿ ಅದು ಬರುತ್ತಿರಲಿಲ್ಲವೋ ಏನೋ. ಹೊಟ್ಟೆಗಿಲ್ಲದವನನ್ನು ಸತ್ತ ಅನ್ನೋದಕ್ಕಾಗುತ್ತದೆಯೇ?" ಎಂದು ಗುಂಡಿ ಒತ್ತಿದರು.

ಮೊದಲು ಏನೂ ಆಗಲಿಲ್ಲ. ಅನಂತರ ಜೀರುಂಡೆಯ ದನಿಯಂತಹ ಒಂದು ಸದ್ದು ಹೊರಟು, ಮೆಲ್ಲಮೆಲ್ಲನೆ ಏರಿ, ಒಂದೇ ಶ್ರುತಿಯಲ್ಲಿ ನಿಂತಿತು. ಆ ಸದ್ದನ್ನು ನಾನು ಬಲ್ಲೆನು. ನಮ್ಮ ಮನೆಯ ನಡುಮನೆಯಲ್ಲಿ ಮಧ್ಯಾಹ್ನದ ಹೊತ್ತು ಐದು ವರ್ಷ ಕೇಳುತ್ತಿದ್ದುದು ಅದನ್ನೇ. ಹುಡುಗನು ನನ್ನ ಮುಖವನ್ನು ನೋಡಿ ಬೇರೆ ಕಡೆಗೆ ತಿರುಗಿಕೊಂಡನು.

ಪರದೆಯ ಮೇಲೆ ಅಕ್ಕನ ಕಡತಗಳ ಸಾಲು ಬಂದಿತು. ಒಂದನ್ನು ತೆರೆದರೆ ಎದೆ ಧಸಕ್ಕೆಂದಿತು. ಕನ್ನಡವಿಲ್ಲ. ಇಂಗ್ಲಿಷು ಅಕ್ಷರಗಳು, ತಲೆಯ ಮೇಲೆ ಕೊಂಬು ಬೊಟ್ಟುಗಳಿರುವ ಪರಂಗಿ ಅಕ್ಷರಗಳು, ನಡುನಡುವೆ ಪೌಂಡಿನ ಗುರುತುಗಳು ಹುಚ್ಚೆದ್ದಂತೆ ತುಂಬಿದ್ದವು. ಎಲ್ಲವೂ ಹಾಳಾಯಿತೆಂದುಕೊಂಡೆನು. ಅಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿಯು ತಲೆಯೆತ್ತಿ ನೋಡಿ, "ಹಾಳಾಗಿಲ್ಲ ಸಾರ್, ಇದು ನುಡಿಯಲ್ಲಿ ಬರೆದದ್ದು" ಎಂದಳು.

ಸಂಗತಿ ಹೀಗಿದೆ. ಮೊದಲಿನ ಕಾಲದಲ್ಲಿ ಕಂಪ್ಯೂಟರಿನೊಳಗೆ ಕನ್ನಡಕ್ಕೆ ಸ್ವಂತದ ಮನೆಯಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನವರ 'ನುಡಿ' ಇವು ಬಂದಾಗ, ಇಂಗ್ಲಿಷು ಅಕ್ಷರಗಳಿಗೆಂದು ಗೊತ್ತಾದ ಗೂಡುಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಇಟ್ಟು ಕೆಲಸ ಸಾಗಿಸಬೇಕಾಗಿತ್ತು. ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದಂತೆ. ಆ ಅಕ್ಷರದ ಅಚ್ಚು ಇಲ್ಲದ ಯಂತ್ರದಲ್ಲಿ ತೆರೆದರೆ ಮನೆಯ ಯಜಮಾನನಾದ ಇಂಗ್ಲಿಷೇ ಬಾಗಿಲಿಗೆ ಬರುತ್ತದೆ. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ 128 ಗೂಡುಗಳ ಸ್ವಂತ ನಿವೇಶನ ದೊರೆತಿತ್ತಾದರೂ, ಎಲ್ಲರೂ ಅಲ್ಲಿಗೆ ಒಕ್ಕಲಾಗಲು ಬಹಳ ವರ್ಷ ಹಿಡಿಯಿತು. ಇಂದು ನಾವು ಫೋನಿನಲ್ಲಿ ಕನ್ನಡದಲ್ಲಿ ಬರೆದು ಕಳುಹಿಸಿದ್ದು ಅಮೆರಿಕದಲ್ಲಿರುವ ಮಗಳಿಗೆ ಕನ್ನಡವಾಗಿಯೇ ಕಾಣುವುದು ಆ ನಿವೇಶನದ ದೆಸೆಯಿಂದ. ಈ ಉಪಕಾರವನ್ನು ನಾವು ಗಮನಿಸುವುದೇ ಇಲ್ಲ.

ಹುಡುಗಿಯು ಪರಿವರ್ತಕವೊಂದರಲ್ಲಿ ಕಡತವನ್ನು ಹಾಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅಮ್ಮನ ಹಾಡು ಬಂದು ನಿಂತಿತು. ಒಂದು ವಿಶೇಷ: ಅರ್ಕಾವೊತ್ತು ಬರಬೇಕಾದ ಕಡೆಗಳಲ್ಲೆಲ್ಲ ಅಕ್ಕನು ಕನ್ನಡದ ಒಂಬತ್ತನ್ನು ಒತ್ತಿದ್ದಳು. ಪಾರ್ವತಿಯು 'ಪಾವ೯ತಿ'ಯಾಗಿದ್ದಳು. ನೋಟಕ್ಕೆ ಎರಡೂ ಒಂದೇ ತರಹ; ಆ ಕಾಲದಲ್ಲಿ ಅನೇಕರು ಹೀಗೆಯೇ ಮಾಡುತ್ತಿದ್ದರಂತೆ. "ತಿದ್ದಿಬಿಡಲಾ ಸಾರ್?" ಎಂದು ಕೇಳಿದಳು. ಹುಡುಗನು ನನಗಿಂತ ಮುಂಚೆ, "ಬೇಡ, ಅದು ದೊಡ್ಡತ್ತೆಯ ಕೈಬರಹ" ಎಂದನು.

ಒಟ್ಟು ಹಾಡುಗಳು ಅರುವತ್ತನಾಲ್ಕು. ಡಿಸ್ಕಿನಲ್ಲಿ ಅಲ್ಲಲ್ಲಿ ಸವೆತವಿದ್ದುದರಿಂದ ಮೂರು ಕಡತಗಳು ತೆರೆಯಲೇ ಇಲ್ಲ. ಮಿಕ್ಕವನ್ನು ಎರಡು ಪೆನ್ ಡ್ರೈವುಗಳಿಗೆ ತುಂಬಿಸಿ, ಒಂದನ್ನು ಹುಡುಗನಿಗೂ ಒಂದನ್ನು ನನಗೂ ಕೊಟ್ಟು, ಯಜಮಾನರು ಎಲ್ಲಕ್ಕೂ ಸೇರಿ ಒಂಬೈನೂರು ರೂಪಾಯಿ ತೆಗೆದುಕೊಂಡರು. "ಇದನ್ನೂ ನಂಬಿ ಕೂರಬೇಡಿ, ಕಾಗದದ ಮೇಲೂ ಅಚ್ಚು ಹಾಕಿಸಿ" ಎಂದು ಹೇಳಿದಾಗ ಅವರ ವ್ಯಾಪಾರಕ್ಕೆ ಇದರಿಂದ ಲಾಭವೇನೆಂದು ನನಗೆ ಹೊಳೆಯಲಿಲ್ಲ. ಅಲ್ಲಿಯೇ ಬೀದಿಯ ಕೊನೆಯಲ್ಲಿ ಅಚ್ಚು ಹಾಕಿಸಿದೆವು. ಒಳಜೇಬಿನಲ್ಲಿ ಉಳಿದ ಹಣದ ಪ್ರಸ್ತಾಪವನ್ನು ಹುಡುಗನು ಎತ್ತಲಿಲ್ಲ. ಎತ್ತದೆ ಇರುವುದರಲ್ಲಿ ಅವನು ನಿಪುಣ. ಹೊಸ ಕಾರ್ಡಿನ ಲೆಕ್ಕಕ್ಕೆಂದು ಐದು ಸಾವಿರ ಕೊಟ್ಟು, ಮಿಕ್ಕದ್ದನ್ನು ಅವನ ತಂದೆಯ ಹತ್ತಿರ ಕೇಳಿಕೊಳ್ಳುವಂತೆ ಹೇಳಿದೆನು. ಈ ಸಂಗತಿಯು ನನ್ನ ತಮ್ಮನಿಗೆ ಈ ಲೇಖನದಿಂದಲೇ ಮೊದಲು ತಿಳಿಯುವುದು.

ಸಾಯಂಕಾಲದ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಕಾಗದಗಳನ್ನು ಓದುತ್ತ ಬಂದೆನು. ಹಸೆಗೆ ಕರೆಯುವ ಹಾಡು ಸಿಕ್ಕಿತು. ಎರಡು ನುಡಿಗಳಿದ್ದವು. ಅದರ ಕೆಳಗೆ ಅಕ್ಕನು, "ಅಮ್ಮನಿಗೆ ಇಲ್ಲಿಂದ ಮುಂದೆ ಮರೆತಿದೆ. ತಿಪಟೂರಿನ ಚಿಕ್ಕಮ್ಮನಿಗೆ ಪೂತಿ೯ ಬರುತ್ತದೆ, ಕೇಳಬೇಕು" ಎಂದು ಬರೆದಿಟ್ಟಿದ್ದಳು. ಕೇಳಿರಲಿಲ್ಲ. ಚಿಕ್ಕಮ್ಮನಿಗೆ ಈಗ ಎಂಬತ್ತಾರು. ಕಣ್ಣು ಮಂದವಾಗಿದೆ, ಮಾತು ಚೆನ್ನಾಗಿದೆ. ಹುಡುಗನಿಗೆ ಫೋನು ಮಾಡಿ, ಫೋನಿನಲ್ಲಿ ಧ್ವನಿ ಹಿಡಿದಿಡುವುದು ಹೇಗೆಂದು ಎರಡು ಸಲ ಹೇಳಿಸಿಕೊಂಡೆನು. ತುಮಕೂರು ಬಂದಾಗ ಇಳಿಯಲಿಲ್ಲ. ಟಿಕೀಟು ನೋಡಲು ಬಂದವರಿಗೆ ಮುಂದಿನ ದುಡ್ಡು ಕಟ್ಟಿ, ಅದೇ ಗಾಡಿಯಲ್ಲಿ ತಿಪಟೂರಿಗೆ ಹೋದೆನು.