ಬಾಯಿಮಾತು, ಬಿಲ್ಲು ಮತ್ತು ಬಟವಾಡೆ

ಆರ್ಕಿಟೆಕ್ಟ್ ಅಂದರೆ ದಿನವಿಡೀ ಚಂದದ ಮನೆಗಳ ಚಿತ್ರ ಬಿಡಿಸೋರು ಅಂತ ನಮ್ಮ ನೆಂಟರೆಲ್ಲ ನಂಬಿದ್ದಾರೆ. ನನ್ನ ಅರ್ಧ ದಿನ ಹೋಗೋದು ಬಿಲ್ಲು, ಅಳತೆ, ಪತ್ರಗಳಲ್ಲಿ. ಮಾಲೀಕರು ಮತ್ತು ಕಂಟ್ರಾಕ್ಟರ್ ನಡುವಿನ ಕರಾರು ಸರಿಯಾಗಿ ನಡೀತಿದೆಯಾ ಅಂತ ನೋಡೋದೂ ನಮ್ಮ ಕೆಲಸವೇ. ಕೆಲಸ ಸಾಗಿದಂತೆ ಕಂಟ್ರಾಕ್ಟರ್ ಆರ್‌ಎ ಬಿಲ್ ಕೊಡುತ್ತಾರೆ. ನಾವು ಸೈಟಿನಲ್ಲಿ ಟೇಪು ಹಿಡಿದು ಅಳೆದು, ಕರಾರಿನ ದರಕ್ಕೆ ಲೆಕ್ಕ ಹಾಕಿ, ಹಿಂದೆ ಕೊಟ್ಟದ್ದನ್ನೂ ರಿಟೆನ್ಷನ್ ಹಣವನ್ನೂ ಕಳೆದು, 'ಇಷ್ಟು ಕೊಡಬಹುದು' ಅಂತ ಸರ್ಟಿಫಿಕೇಟ್ ಬರೆಯುತ್ತೇವೆ. ದುಡ್ಡು ಹೊರಡೋದು ಆಮೇಲೆ.

ಜಗಳ ಹುಟ್ಟೋದು ಮಾತ್ರ 'ಎಕ್ಸ್‌ಟ್ರಾ'ದಲ್ಲಿ. ಎರಡು ವರ್ಷದ ಹಿಂದೆ ಮೈಸೂರಿನ ಒಂದು ಮನೆ. ಮಾಲೀಕರು ಸೈಟಿಗೆ ಬಂದವರೇ, "ಈ ಗೋಡೆ ಬೇಡ, ಇಲ್ಲಿ ದೇವರ ಮನೆ ಬರಲಿ" ಅಂದರು. ಮೇಸ್ತ್ರಿ "ಆಯ್ತು ಸಾರ್" ಅಂದು ಒಡೆದು ಕಟ್ಟಿದರು. ಆಫೀಸಿಗೆ ಗೊತ್ತಾಗಿದ್ದು ಬಿಲ್ ಬಂದಾಗ. "ಹೇಳಿದ್ದು ನಿಜ, ಅದಕ್ಕೆ ಬೇರೆ ದುಡ್ಡು ಅಂತ ಯಾರೂ ಹೇಳಲಿಲ್ಲವಲ್ಲ" ಅಂದರು ಮಾಲೀಕರು. ಒಡೆದುಹಾಕಿದ ಗೋಡೆಯನ್ನು ಅಳೆಯೋದಾದರೂ ಹೇಗೆ? ಇಡೀ ಬಿಲ್ ಐದು ವಾರ ನಿಂತಿತು. ಸಣ್ಣ ಕಂಟ್ರಾಕ್ಟರ್, ಎರಡು ಶನಿವಾರ ಬಟವಾಡೆ ಆಗಲಿಲ್ಲ. ಗಾರೆ ಕೆಲಸದ ಇಬ್ಬರು ಊರಿಗೆ ಹೊರಟೇಹೋದರು. "ಮೇಡಂ, ನಿಮ್ಮ ಕಾಗದ ಬರೋ ತನಕ ಹುಡುಗರ ಹೊಟ್ಟೆ ಕಾಯುತ್ತಾ?" ಅಂದರು ಮೇಸ್ತ್ರಿ.

ಅದಾದ ಮೇಲೆ ಆಫೀಸಿನಲ್ಲಿ ಕೂತು ನಿಯಮ ಮಾಡಿಕೊಂಡೆವು. ದುಬಾರಿ ಸಾಫ್ಟ್‌ವೇರ್ ಏನೂ ಕೊಳ್ಳಲಿಲ್ಲ. ಮೂವರಿಗೂ ಫೋನಿನಲ್ಲಿ ಕಾಣುವ ಒಂದು ಶೀಟ್, ಅಷ್ಟೇ. ಯಾವ ಬದಲಾವಣೆಯಾದರೂ ಅದಕ್ಕೊಂದು ನಂಬರ್, ಅಂದಾಜು ಖರ್ಚು, ಎಷ್ಟು ದಿನ ಹೆಚ್ಚು ಬೇಕು ಅನ್ನೋದು. ಮಾಲೀಕರು ಒಪ್ಪಿದ ಮೇಲೇ ಕೆಲಸ ಶುರು. ಪಾಯ, ಕಬ್ಬಿಣ, ಗೋಡೆಯೊಳಗಿನ ಪೈಪು ಇಂಥವನ್ನು ಮುಚ್ಚುವ ಮುಂಚೆಯೇ ನಾವೂ ಕಂಟ್ರಾಕ್ಟರೂ ಸೇರಿ ಅಳೆದು, ಫೋಟೊ ತೆಗೆದು, ಸಹಿ ಹಾಕುತ್ತೇವೆ. ಬಿಲ್ ಬಂದ 7 ದಿನದೊಳಗೆ ಸರ್ಟಿಫಿಕೇಟ್. ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಕೊನೆಯ ನಿಯಮ: ತಕರಾರಿರುವ ಐಟಂ ಒಂದನ್ನೇ ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ದುಡ್ಡು ಬಿಡುಗಡೆ. ಒಂದು ಗೋಡೆಯ ಜಗಳಕ್ಕೆ ಇಡೀ ಮನೆಯ ಕೂಲಿ ನಿಲ್ಲಬಾರದು.

"ಇಷ್ಟೆಲ್ಲ ಬರೆಯೋದ್ಯಾಕೆ, ನಂಬಿಕೆ ಇಲ್ವಾ?" ಅಂತ ಕೇಳೋರಿದ್ದಾರೆ. ನಂಬಿಕೆ ಉಳೀಲಿ ಅಂತಲೇ ಬರೆಯೋದು. ನಮಗೆ ಫೀಸು ಕೊಡೋರು ಮಾಲೀಕರು. ಆದರೂ ಸರ್ಟಿಫಿಕೇಟ್ ಬರೆಯುವಾಗ ಆರ್ಕಿಟೆಕ್ಟ್ ಇಬ್ಬರಿಗೂ ಸಮನಾಗಿರಬೇಕು. ಬರೆದದ್ದು ಎದುರಿಗಿದ್ದರೆ ಅದು ಸಲೀಸು. ಇಲ್ಲದಿದ್ದರೆ ಗೆಲ್ಲೋದು ಗಂಟಲು ದೊಡ್ಡದಿರೋರು.

ನೀವೂ ಸಾಲ ಮಾಡಿ ಮನೆ ಕಟ್ಟಿಸುತ್ತಿದ್ದರೆ ಒಂದು ಮಾತು. ಸೈಟಿನಲ್ಲಿ ಏನಾದರೂ ಬದಲಾಯಿಸಬೇಕು ಅನ್ನಿಸಿದರೆ ಮೇಸ್ತ್ರಿಗೆ ಹೇಳುವ ಮುಂಚೆ ನಿಮ್ಮ ಆರ್ಕಿಟೆಕ್ಟ್‌ಗೆ ಎರಡು ಸಾಲು ಬರೆದು ಕಳಿಸಿ, 'ಎಷ್ಟಾಗುತ್ತೆ?' ಅಂತ ಕೇಳಿ. ನಿಮ್ಮ ಇಎಂಐಗೂ ಒಳ್ಳೆಯದು, ಗಾರೆಯವರ ಶನಿವಾರಕ್ಕೂ ಒಳ್ಳೆಯದು.